ಪಂಜೆ ಮಂಗೇಶರಾಯರು: ಕಲಿಕೆಯ ಆಸಕ್ತಿಯನ್ನು ಪಾಠದೊಳಗೇ ಕಟ್ಟಿದ ಉಪಾಧ್ಯಾಯ

೧

ಆಧುನಿಕ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಪಂಜೆ ಮಂಗೇಶರಾಯರ (೧೮೭೪–೧೯೩೭) ಹೆಸರು ಸಾಮಾನ್ಯವಾಗಿ ಎರಡು ಕಡೆ ಬರುತ್ತದೆ. ಕನ್ನಡದ ಮೊದಲ ಸಣ್ಣಕತೆಗಾರರನ್ನು ಗುರುತಿಸುವಾಗ ಒಮ್ಮೆ, ಮಕ್ಕಳ ಸಾಹಿತ್ಯದ ಆದ್ಯರನ್ನು ನೆನೆಯುವಾಗ ಮತ್ತೊಮ್ಮೆ. ಈ ಎರಡು ಉಲ್ಲೇಖಗಳೂ ನ್ಯಾಯವಾದವುಗಳೇ. ಆದರೆ ಈ ವರ್ಗೀಕರಣದ ನಡುವೆ ಒಂದು ಮುಖ್ಯ ಸಂಗತಿ ಹಿಂದೆ ಸರಿದಿದೆ. ಪಂಜೆಯವರು ತಮ್ಮ ವೃತ್ತಿಜೀವನವನ್ನೆಲ್ಲ ಕಳೆದದ್ದು ಶಿಕ್ಷಣ ಕ್ಷೇತ್ರದಲ್ಲಿ. ಕಾಲೇಜಿನ ಕನ್ನಡ ಪಂಡಿತರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ, ಉಪಾಧ್ಯಾಯರ ತರಬೇತಿ ಶಾಲೆಯ ಮುಖ್ಯಸ್ಥರಾಗಿ, ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ಅವರು ದುಡಿದರು. ಅವರು ಬರೆದುದರ ದೊಡ್ಡ ಪಾಲು ಈ ದುಡಿಮೆಯ ಅಗತ್ಯಗಳಿಂದಲೇ ಹುಟ್ಟಿತು.

ಮಗುವಿನ ಕಲಿಕೆಯ ಆಸಕ್ತಿಯನ್ನು ಉಳಿಸುವುದು ಹೇಗೆ ಎಂಬ ಪ್ರಶ್ನೆಗೆ ಪಂಜೆಯವರು ಶಾಸ್ತ್ರಗ್ರಂಥವನ್ನು ಬರೆದು ಉತ್ತರಿಸಲಿಲ್ಲ. ಪದ್ಯ, ಕಥೆ, ಪಠ್ಯಪುಸ್ತಕ, ವ್ಯಾಕರಣಗಳ ರಚನೆಯ ಮೂಲಕ ಉತ್ತರಿಸಿದರು. ಅವರ ಜೀವನವನ್ನು ಈ ದೃಷ್ಟಿಯಿಂದ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆಸಕ್ತಿಯು ಪಾಠಕ್ಕೆ ಹೊರಗಿನಿಂದ ಸೇರಿಸುವ ಸಿಹಿಲೇಪವಲ್ಲ, ಅದು ಪಾಠದ ಭಾಷೆಯ ಕಟ್ಟಡದಲ್ಲಿಯೇ ಇರಬೇಕಾದುದು ಎಂಬ ತಿಳುವಳಿಕೆ ಅವರ ಎಲ್ಲ ಕೆಲಸಗಳ ಹಿಂದೆ ಇದ್ದಂತೆ ತೋರುತ್ತದೆ. ಈ ತಿಳುವಳಿಕೆಗೆ ಅವರು ಬೆಳೆದ ನೆಲದ ಬಹುಭಾಷಿಕ ಪರಿಸರವೂ ಒಂದು ಪ್ರಬಲ ಕಾರಣವಾಗಿದೆ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಲಾಗಿದೆ.

೨

ಮಂಗೇಶರಾಯರು ೧೮೭೪ರ ಫೆಬ್ರವರಿ ೨೨ರಂದು ನೇತ್ರಾವತಿಯ ದಡದ ಬಂಟವಾಳದಲ್ಲಿ ಜನಿಸಿದರು. ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಹಿರಿಯರ ಮೂಲಸ್ಥಳವಾದ ಪಂಜ ಎಂಬ ಊರು ಮನೆತನದ ಹೆಸರಾಗಿ ಉಳಿಯಿತು. ಅನುಕೂಲಸ್ಥ ಕುಟುಂಬವೇನೂ ಅಲ್ಲ. ಓದಿನ ದಾರಿ ಸುಗಮವಾಗಿರಲಿಲ್ಲ. ಬಂಟವಾಳದಲ್ಲಿ ಆರಂಭದ ವಿದ್ಯಾಭ್ಯಾಸವನ್ನು ಮುಗಿಸಿ ಅವರು ಮುಂದಿನ ಓದಿಗೆ ಮಂಗಳೂರಿಗೆ ಬಂದರು.

ಅವರ ಮನೆಮಾತು ಕೊಂಕಣಿ. ಬೀದಿಯ, ಗದ್ದೆಯ, ಸಂತೆಯ ಮಾತು ತುಳು. ಶಾಲೆಯ ಮಾತು ಕನ್ನಡ. ಮುಂದೆ ಉದ್ಯೋಗಕ್ಕೆ ಬೇಕಾದುದು ಇಂಗ್ಲಿಷ್. ಅಂದಿನ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ತುಳು, ಕೊಂಕಣಿ, ಬ್ಯಾರಿ, ಮಲಯಾಳಂ ಮನೆಮಾತಿನ ಮಕ್ಕಳು ಅಲ್ಲಿ ಕನ್ನಡ ಶಾಲೆಗೆ ಬಂದು ಕೂರುತ್ತಿದ್ದರು. ಮೈಸೂರು ಸೀಮೆಯ ಒಕ್ಕಲಿನ ಮಗುವಿಗೆ ಪುಸ್ತಕದ ಕನ್ನಡ ತನ್ನ ಮಾತಿನ ಇನ್ನೊಂದು ರೂಪವಾಗಿ ಕಂಡರೆ, ಕರಾವಳಿಯ ಬಹುಪಾಲು ಮಕ್ಕಳಿಗೆ ಅದು ಹೊಸದಾಗಿಯೇ ಕಲಿಯಬೇಕಾದ ಇನ್ನೊಂದು ಭಾಷೆ. ಈ ವ್ಯತ್ಯಾಸವನ್ನು ಮರೆತು ಪಂಜೆಯವರ ರಚನೆಗಳನ್ನು ಓದಿದರೆ ಅವುಗಳ ಲಯ, ಪುನರುಕ್ತಿ, ಅನುಕರಣ ಶಬ್ದಗಳು ಬರಿಯ ಅಲಂಕಾರದಂತೆ ಕಾಣುವ ಅಪಾಯವಿದೆ. ಅರ್ಥ ಇನ್ನೂ ಪೂರ್ತಿ ತಿಳಿಯದ ಭಾಷೆಯೊಳಕ್ಕೆ ಮಗು ಪ್ರವೇಶಿಸುವುದು ಕಿವಿಯ ಮೂಲಕ. ಕೊಂಕಣಿಯ ಮನೆಯಿಂದ ಕನ್ನಡದ ಶಾಲೆಗೆ ನಡೆದುಬಂದ ಪಂಜೆಯವರಿಗೆ ಇದು ತಮ್ಮ ಬಾಲ್ಯವೇ ಕಲಿಸಿದ ಪಾಠವಾಗಿದ್ದೀತು.

೩

ಪಂಜೆಯವರು ಪ್ರವೇಶಿಸಿದ ಶಿಕ್ಷಣ ವ್ಯವಸ್ಥೆಯ ಸ್ವರೂಪವನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಯುವುದು ಅವಶ್ಯ. ಒಂದೆಡೆ ಹಳೆಯ ಐಗಳ ಮಠಗಳ ಪದ್ಧತಿ. ಅಲ್ಲಿ ಮರಳಿನ ಮೇಲೆ ಅಕ್ಷರ ತಿದ್ದುವುದು, ಮಗ್ಗಿ, ಅಮರಕೋಶ, ಜೈಮಿನಿ ಭಾರತದ ಪದ್ಯಗಳನ್ನು ಬಾಯಿಪಾಠ ಮಾಡುವುದು ಮುಖ್ಯವಾಗಿದ್ದವು. ಈ ಪದ್ಧತಿಯಲ್ಲಿ ಶಿಕ್ಷೆಯ ಭಯ ದೊಡ್ಡದು. ಆದರೆ ಪದ್ಯವನ್ನು ಗಟ್ಟಿಯಾಗಿ, ರಾಗವಾಗಿ, ಗುಂಪಾಗಿ ಹೇಳುವ ಶ್ರವಣ ಸಂಸ್ಕಾರವೂ ಅದರಲ್ಲಿತ್ತು. ಇನ್ನೊಂದೆಡೆ ವಸಾಹತು ಸರಕಾರದ ಹೊಸ ಶಾಲೆ. ಮುದ್ರಿತ ಪುಸ್ತಕ, ತರಗತಿಗಳ ವಿಂಗಡಣೆ, ವೇಳಾಪಟ್ಟಿ, ಪರೀಕ್ಷೆ, ತನಿಖೆ ಇವು ಅದರ ಅಂಗಗಳು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸು ಪ್ರಾಂತದಲ್ಲಿ ಫಲಿತಾಂಶವನ್ನು ನೋಡಿ ಅನುದಾನ ಕೊಡುವ ಕ್ರಮ ಜಾರಿಯಲ್ಲಿತ್ತು. ಇನ್‌ಸ್ಪೆಕ್ಟರರು ಬಂದು ಮಕ್ಕಳನ್ನು ಪರೀಕ್ಷಿಸಿದಾಗ ಎಷ್ಟು ಮಂದಿ ತೇರ್ಗಡೆಯಾದರು ಎಂಬುದರ ಮೇಲೆ ಶಾಲೆಗೆ ಸಿಗುವ ಹಣ ನಿಂತಿತ್ತು. ಇದರಿಂದ ಉಪಾಧ್ಯಾಯರ ಗಮನ ಮಗುವಿನ ಅರಿವಿನಿಂದ ಮಗುವಿನ ಉತ್ತರದ ಕಡೆಗೆ ಸರಿಯುವುದು ಸಹಜವಾಗಿತ್ತು.

ಹೀಗೆ ಹಳೆಯ ಮಠದಲ್ಲಿ ಬೆತ್ತ, ಹೊಸ ಶಾಲೆಯಲ್ಲಿ ಪರೀಕ್ಷೆ. ಎರಡೂ ಕಲಿಕೆಯನ್ನು ಹೊರಗಿನ ಒತ್ತಾಯದಿಂದ ನಡೆಸಿದವು. ಹೊಸ ಶಾಲೆಯು ಹಳೆಯದರ ಬೆತ್ತವನ್ನು ಪೂರ್ತಿ ಬಿಡಲಿಲ್ಲ. ಅದರ ಹಾಡನ್ನು ಮಾತ್ರ ಬಹುಮಟ್ಟಿಗೆ ಕಳೆದುಕೊಂಡಿತು. ಪಂಜೆಯವರ ಸಾಧನೆಯನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಹೊಸ ಶಾಲೆಯ ಚೌಕಟ್ಟಿನೊಳಗೆ ಇದ್ದುಕೊಂಡೇ ಅವರು ಆ ಹಾಡನ್ನು ಅದಕ್ಕೆ ಮರಳಿ ತಂದರು. ಅದೂ ಮಗುವಿಗೆ ಹೊಂದುವ ಹೊಸ ಮಾತಿನಲ್ಲಿ.

೪

೧೮೯೦ರ ದಶಕದ ಉತ್ತರಾರ್ಧದಲ್ಲಿ ಪಂಜೆಯವರು ಮಂಗಳೂರಿನ ಸರಕಾರಿ ಕಾಲೇಜಿನ ಕನ್ನಡ ಪಂಡಿತರಾದರು. ಅವರಿಗಿಂತ ಮೊದಲು ಆ ಸ್ಥಾನದಲ್ಲಿದ್ದವರು ಬೆನಗಲ್ ರಾಮರಾಯರು. ರಾಮರಾಯರೊಂದಿಗೆ ಪಂಜೆಯವರಿಗೆ ನೆಂಟಸ್ತಿಕೆಯೂ ಸಾಹಿತ್ಯದ ಒಡನಾಟವೂ ಇದ್ದವು. ೧೯೦೦ರಲ್ಲಿ ಆರಂಭವಾದ ಸುವಾಸಿನಿ ಮಾಸಪತ್ರಿಕೆಯಲ್ಲಿ ಪಂಜೆಯವರು ಕಥೆ, ಪದ್ಯ, ಹರಟೆಗಳನ್ನು ಪ್ರಕಟಿಸಿದರು. ನನ್ನ ಚಿಕ್ಕತಾಯಿ, ಕಮಲಪುರದ ಹೊಟ್ಲಿನಲ್ಲಿ ಮೊದಲಾದ ಅವರ ಕಥೆಗಳು ಕನ್ನಡ ಸಣ್ಣಕತೆಯ ಮೊದಲ ಹೆಜ್ಜೆಗಳೆಂದು ವಿಮರ್ಶಕರು ಗುರುತಿಸಿದ್ದಾರೆ. ಪದ್ಯಗಳಿಗೆ ಅವರು ಇಟ್ಟುಕೊಂಡ ಕಾವ್ಯನಾಮ ಕವಿಶಿಷ್ಯ. ತನ್ನನ್ನು ಕವಿ ಎಂದು ಕರೆದುಕೊಳ್ಳದೆ ಕವಿಗಳ ಶಿಷ್ಯನೆಂದು ಕರೆದುಕೊಂಡುದರಲ್ಲಿ ವಿನಯದ ಜೊತೆಗೆ ಉಪಾಧ್ಯಾಯನೊಬ್ಬನ ಆತ್ಮಪರಿಚಯವೂ ಇದೆ. ಕಲಿಸುವವನು ಮೊದಲು ಕಲಿಯುವವನಾಗಿ ಉಳಿಯಬೇಕು ಎಂಬ ನಿಲುವನ್ನು ಆ ಹೆಸರಿನಲ್ಲಿ ಕಾಣಬಹುದು.

ಕಾಲೇಜಿನಿಂದ ಅವರು ಶಾಲಾ ತನಿಖೆಯ ಕೆಲಸಕ್ಕೆ ಬಂದರು. ರಸ್ತೆಗಳು ವಿರಳವಾಗಿದ್ದ, ಹೊಳೆಗಳನ್ನು ದೋಣಿಯಲ್ಲಿ ದಾಟಬೇಕಾಗಿದ್ದ ಜಿಲ್ಲೆಯಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗಿ ಶಾಲೆಗಳನ್ನು ನೋಡುವುದು ಈ ಹುದ್ದೆಯ ಕರ್ತವ್ಯ. ಇನ್‌ಸ್ಪೆಕ್ಟರರ ಭೇಟಿ ಎಂದರೆ ಅಂದು ಮಕ್ಕಳಿಗೂ ಉಪಾಧ್ಯಾಯರಿಗೂ ಸಮಾನವಾಗಿ ಭಯದ ದಿನ. ಪಂಜೆಯವರ ಕುರಿತ ನೆನಪುಗಳಲ್ಲಿ ಮಾತ್ರ ಅವರು ಮಕ್ಕಳ ನಡುವೆ ಕಥೆ ಹೇಳುತ್ತ, ಹಾಡುತ್ತ ಇದ್ದ ಅಧಿಕಾರಿಯಾಗಿ ಉಳಿದಿದ್ದಾರೆ. ಇದನ್ನು ಅವರ ಹಾಸ್ಯಪ್ರಿಯ ಸ್ವಭಾವದ ಗುಣವೆಂದಷ್ಟೇ ಹೇಳಿ ಮುಂದೆ ಸಾಗುವಂತಿಲ್ಲ. ತನಿಖೆಯ ಹುದ್ದೆ ಅವರಿಗೆ ಒದಗಿಸಿದ್ದು ಬೇರೆ ಯಾವ ಕನ್ನಡ ಲೇಖಕನಿಗೂ ಸುಲಭವಾಗಿ ದೊರೆಯದ ಒಂದು ಅವಕಾಶ. ಒಂದೇ ಪದ್ಯವನ್ನು ನೂರಾರು ಮಕ್ಕಳ ಮುಂದೆ ಹೇಳಿ ನೋಡಬಹುದಿತ್ತು. ಯಾವ ಪದದಲ್ಲಿ ಮಗುವಿನ ಕಣ್ಣು ಅರಳುತ್ತದೆ, ಯಾವ ಸಾಲಿನಲ್ಲಿ ಗಮನ ಚದುರುತ್ತದೆ ಎಂಬುದು ಅಲ್ಲಿಯೇ ತಿಳಿಯುತ್ತಿತ್ತು. ಅವರ ಪದ್ಯಗಳ ಭಾಷೆಯಲ್ಲಿ ಕಾಣುವ ಬಿಗಿ, ಬಾಯಲ್ಲಿ ಉರುಳುವ ಸರಾಗ ಗುಣ ಇಂತಹ ಬಳಕೆಯಿಂದ ಬಂದದ್ದೆಂದು ಊಹಿಸುವುದು ಅಸಂಗತವಾಗಲಾರದು.

೫

ಮಂಗಳೂರಿನಲ್ಲಿ ೧೮೪೧ರಿಂದ ಕೆಲಸ ಮಾಡುತ್ತಿದ್ದ ಬಾಸೆಲ್ ಮಿಶನ್ ಮುದ್ರಣಾಲಯ ಕನ್ನಡ ಪಠ್ಯಪುಸ್ತಕಗಳ ಬಹುದೊಡ್ಡ ಕೇಂದ್ರವಾಗಿತ್ತು. ಅಲ್ಲಿಂದ ೧೯೧೨ರಲ್ಲಿ ಶಾಲೆಗಳಿಗಾಗಿ ಹೊರಬಂದ ಕನ್ನಡ ಪದ್ಯಪುಸ್ತಕ ಪಂಜೆಯವರ ಕೈಯಲ್ಲಿ ರೂಪುಗೊಂಡಿತು. ಅನಂತರದ ಭಾಗಗಳು ೧೯೨೦ರ ಹೊತ್ತಿಗೆ ಬಂದವು. ಈ ಸಂಕಲನಗಳಲ್ಲಿ ಅವರ ಸ್ವಂತ ರಚನೆಗಳು, ಇತರ ಕವಿಗಳ ಪದ್ಯಗಳು, ಇಂಗ್ಲಿಷ್ ಕವಿತೆಗಳ ಅನುಸರಣೆಗಳು ಸೇರಿದ್ದವು. ಬಿ.ಎಂ. ಶ್ರೀಕಂಠಯ್ಯನವರ ಇಂಗ್ಲಿಷ್ ಗೀತಗಳು ಕನ್ನಡಕ್ಕೆ ಹೊಸ ಮಾರ್ಗವನ್ನು ತೋರಿಸಿದ ೧೯೨೦ರ ದಶಕಕ್ಕಿಂತ ಮೊದಲೇ ಕರಾವಳಿಯ ಶಾಲೆಯ ಪುಸ್ತಕವೊಂದರಲ್ಲಿ ಹೊಸ ಲಯಗಳ ಪ್ರಯೋಗ ನಡೆದಿತ್ತು. ನವೋದಯ ಕಾವ್ಯದ ಒಂದು ಬೇರು ಮಕ್ಕಳ ಪಠ್ಯದಲ್ಲಿದೆ ಎಂಬ ಈ ಸಂಗತಿ ಸಾಹಿತ್ಯ ಚರಿತ್ರೆಯ ದೃಷ್ಟಿಯಿಂದ ಮಹತ್ತ್ವದ್ದು.

ಪಠ್ಯರಚನೆಯ ದೃಷ್ಟಿಯಿಂದ ಈ ಪದ್ಯಗಳಲ್ಲಿ ಮೂರು ಅಂಶಗಳನ್ನು ಗುರುತಿಸಬಹುದು. ಮೊದಲನೆಯದು, ಅರ್ಥಕ್ಕಿಂತ ಮೊದಲು ಧ್ವನಿ. ತೆಂಕಣ ಗಾಳಿಯಾಟ ಎಂಬ ಪದ್ಯದಲ್ಲಿ ಗಾಳಿಯ ವರ್ಣನೆಗಿಂತ ಹೆಚ್ಚಾಗಿ ಗಾಳಿಯ ಚಲನೆಯೇ ಇದೆ. ದೂರದಿಂದ ಬರುವ ಸೂಚನೆ, ಹತ್ತಿರವಾಗುತ್ತ ಏರುವ ವೇಗ, ತೆಂಗು ಕಂಗುಗಳನ್ನು ಬಾಗಿಸುವ ರಭಸ, ಇವೆಲ್ಲ ಶಬ್ದಗಳ ಒತ್ತು ಮತ್ತು ಓಟದಲ್ಲಿಯೇ ಕೇಳಿಸುತ್ತವೆ. ಪ್ರತಿಯೊಂದು ಪದದ ಅರ್ಥ ತಿಳಿಯದ ತುಳು ಮನೆಮಾತಿನ ಮಗುವೂ ಈ ಪದ್ಯದಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಕಿವಿಯಿಂದ ಅರಿಯಬಲ್ಲದು. ಹಾಗೆ ಅರಿತ ಬಳಿಕ ಅಪರಿಚಿತ ಪದಗಳ ಅರ್ಥವನ್ನು ಕೇಳಿ ತಿಳಿಯುವ ಬಯಕೆ ಅದಕ್ಕೆ ತಾನಾಗಿಯೇ ಹುಟ್ಟುತ್ತದೆ. ಪದಕೋಶ ಪಾಠದ ಬಾಗಿಲಲ್ಲಿ ಕಾವಲು ನಿಲ್ಲದೆ ಪಾಠದ ಫಲವಾಗಿ ದೊರೆಯುವ ಕ್ರಮವಿದು.

ಎರಡನೆಯದು, ತಿಳಿದುದರಿಂದ ತಿಳಿಯದುದರ ಕಡೆಗೆ ನಡೆ. ಮುಂಗಾರಿನ ಗಾಳಿ, ನಾಗರಹಾವು, ಡೊಂಬರ ಆಟ, ಸಂಜೆ, ಸೂರ್ಯೋದಯ ಇವು ಅವರ ಪದ್ಯಗಳ ವಸ್ತುಗಳು. ಇವೆಲ್ಲ ಕರಾವಳಿಯ ಮಗು ಶಾಲೆಗೆ ಬರುವ ದಾರಿಯಲ್ಲಿ ಕಂಡವುಗಳೇ. ಪರದೇಶದ ಹೂವು, ಹಿಮ, ಅರಮನೆಗಳನ್ನು ಅವರು ಮಗುವಿನ ಮೊದಲ ಪಾಠಕ್ಕೆ ಒಡ್ಡಲಿಲ್ಲ. ಮಗುವಿಗೆ ಭಾಷೆ ಹೊಸದು, ಆದ್ದರಿಂದ ವಸ್ತು ಪರಿಚಿತವಾಗಿರಲಿ ಎಂಬ ವಿವೇಕ ಇದರಲ್ಲಿದೆ.

ಮೂರನೆಯದು, ಮಗುವಿನ ನೆಲೆಯಿಂದ ಮಾತು. ನಾಗರಹಾವೆ ಎಂಬ ಪ್ರಸಿದ್ಧ ಪದ್ಯದಲ್ಲಿ ಹಾವಿನ ಬಗ್ಗೆ ಮಾಹಿತಿ ಇಲ್ಲ, ನೀತಿಬೋಧೆಯೂ ಇಲ್ಲ. ಹಾವನ್ನು ನೇರವಾಗಿ ಕರೆದು ಮಾತಾಡಿಸುವ ದನಿಯೊಂದು ಇದೆ. ಭಯ, ಬೆರಗು, ಭಕ್ತಿ, ಕುತೂಹಲಗಳು ಅದರಲ್ಲಿ ಬೆರೆತಿವೆ. ನಾಗಾರಾಧನೆ ನಿತ್ಯಜೀವನದ ಭಾಗವಾಗಿರುವ ತುಳುನಾಡಿನ ಮಗುವಿಗೆ ಈ ಮಿಶ್ರಭಾವ ಹೊಸದಲ್ಲ. ಆ ಭಾವಕ್ಕೆ ಪಾಠದ ಪುಸ್ತಕದಲ್ಲಿ ಜಾಗವಿದೆ ಎಂಬುದು ಮಾತ್ರ ಹೊಸದು. ಇಂತಹ ಪದ್ಯವನ್ನು ಒಪ್ಪಿಸುವಾಗ ಮಗು ಇನ್ನೊಬ್ಬರ ಮಾತನ್ನು ಹೇಳುತ್ತಿರುವುದಿಲ್ಲ, ತಾನೇ ಹಾವಿನೊಡನೆ ಮಾತಾಡುತ್ತಿರುತ್ತದೆ. ಕಂಠಪಾಠ ಅಭಿನಯವಾಗಿ ಮಾರ್ಪಡುವುದು ಇಲ್ಲಿಯೇ.

೬

ಪದ್ಯದಲ್ಲಿ ಲಯ ಮಾಡಿದ ಕೆಲಸವನ್ನು ಕಥೆಯಲ್ಲಿ ಪುನರುಕ್ತಿ ಮಾಡಿತು. ಸಿಗಡಿ ಯಾಕೆ ಒಣಗಲಿಲ್ಲ, ಹೇನು ಸತ್ತು ಕಾಗೆ ಬಡವಾಯಿತು ಎಂಬ ಕಥೆಗಳು ಜನಪದ ಸರಪಣಿ ಕಥೆಯ ಮಾದರಿಯವು. ಒಂದರಿಂದ ಇನ್ನೊಂದಕ್ಕೆ ಪ್ರಶ್ನೆ ದಾಟುತ್ತದೆ, ಅಥವಾ ಒಂದು ಚಿಕ್ಕ ಘಟನೆಯ ಪರಿಣಾಮ ಒಬ್ಬರಿಂದ ಇನ್ನೊಬ್ಬರಿಗೆ ಹರಡುತ್ತ ಹೋಗುತ್ತದೆ. ಪ್ರತಿ ಸುತ್ತಿನಲ್ಲಿ ಹಳೆಯ ಮಾತೇ ಮರಳಿ ಬರುತ್ತದೆ, ಅದಕ್ಕೆ ಒಂದಿಷ್ಟು ಹೊಸದು ಸೇರುತ್ತದೆ. ಓದಲು ಕಲಿಯುತ್ತಿರುವ ಮಗುವಿಗೆ ಈ ರಚನೆಯಿಂದ ಎರಡು ಲಾಭಗಳಿವೆ. ಒಮ್ಮೆ ಓದಿದ ಪದ ಮುಂದಿನ ಸುತ್ತಿನಲ್ಲಿ ಮತ್ತೆ ಎದುರಾಗುವುದರಿಂದ ಅಭ್ಯಾಸ ಬೇಸರವಿಲ್ಲದೆ ನಡೆಯುತ್ತದೆ. ಮುಂದೆ ಏನು ಬರುತ್ತದೆ ಎಂಬುದನ್ನು ಮಗು ತಾನೇ ಊಹಿಸಬಲ್ಲದು. ಊಹೆ ನಿಜವಾದಾಗ ತನಗೆ ಓದಲು ಬರುತ್ತದೆ ಎಂಬ ಭರವಸೆ ಮೂಡುತ್ತದೆ. ಪುನರಾವರ್ತನೆ ಎಲ್ಲ ಕಲಿಕೆಗೂ ಅನಿವಾರ್ಯ. ಹತ್ತು ಬಾರಿ ಬರೆ ಎಂದು ಶಿಕ್ಷೆ ವಿಧಿಸುವ ಮೂಲಕವೂ ಅದನ್ನು ಸಾಧಿಸಬಹುದು, ಹತ್ತು ಬಾರಿ ಕೇಳಬೇಕೆನಿಸುವ ಕಥೆಯನ್ನು ಕಟ್ಟುವ ಮೂಲಕವೂ ಸಾಧಿಸಬಹುದು. ಪಂಜೆಯವರು ಎರಡನೆಯ ದಾರಿಯನ್ನು ಆರಿಸಿಕೊಂಡರು.

ಈ ಕಥೆಗಳ ಆಕರಗಳೂ ಗಮನಾರ್ಹ. ಮೂರು ಕರಡಿಗಳು ಪಾಶ್ಚಾತ್ಯ ಮೂಲದ್ದು. ಸರಪಣಿ ಕಥೆಗಳು ಜನರ ಬಾಯಲ್ಲಿ ಬಾಳಿಬಂದ ಮಾದರಿಯವು. ಕೋಟಿ ಚೆನ್ನಯ ಕೃತಿಯಲ್ಲಿ ಅವರು ತುಳು ಪಾಡ್ದನಗಳ ವೀರಗಾಥೆಯನ್ನು ಕನ್ನಡ ಗದ್ಯಕ್ಕೆ ತಂದರು. ಮನೆಯಲ್ಲಿ ಮತ್ತು ಗದ್ದೆಯಲ್ಲಿ ತುಳುವಿನಲ್ಲಿ ಕೇಳಿದ ಕಥೆಯನ್ನು ಶಾಲೆಯ ಕನ್ನಡದಲ್ಲಿ ಓದುವ ಮಗುವಿಗೆ ಎರಡು ಲೋಕಗಳ ನಡುವೆ ಸೇತುವೆಯೊಂದು ದೊರೆತಂತಾಯಿತು. ತನ್ನ ಮನೆಮಾತನ್ನು ಶಾಲೆ ಕೀಳೆಂದು ಬದಿಗಿರಿಸಿಲ್ಲ ಎಂಬ ಅರಿವು ಕಲಿಯುವವನ ಮನಸ್ಸಿನಲ್ಲಿ ಉಂಟುಮಾಡುವ ಸಮಾಧಾನವನ್ನು ಅಲ್ಪವೆಂದು ಎಣಿಸಲಾಗದು.

೧೯೨೧ರಲ್ಲಿ ಮಂಗಳೂರಿನಲ್ಲಿ ಪಂಜೆಯವರು ಸಮಾನಮನಸ್ಕರೊಂದಿಗೆ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಮಕ್ಕಳಿಗಾಗಿ ಚಿಕ್ಕ ಪುಸ್ತಕಗಳನ್ನು ಹೊರತರುವುದು ಅದರ ಕಾರ್ಯ. ತರಗತಿಯ ಪುಸ್ತಕ ಎಷ್ಟೇ ಚೆನ್ನಾಗಿದ್ದರೂ ಅದು ಕಡ್ಡಾಯದ ಓದು. ಯಾರೂ ಒತ್ತಾಯಿಸದೆ ಮಗು ತಾನಾಗಿ ಕೈಗೆತ್ತಿಕೊಳ್ಳುವ ಪುಸ್ತಕ ಇಲ್ಲದಿದ್ದರೆ ಓದಿನ ಅಭಿರುಚಿ ಪರೀಕ್ಷೆಯೊಂದಿಗೆ ಮುಗಿದುಹೋಗುತ್ತದೆ. ಮಂಡಲದ ಸ್ಥಾಪನೆಯಲ್ಲಿ ಈ ಕೊರತೆಯನ್ನು ತುಂಬುವ ಯತ್ನ ಸ್ಪಷ್ಟವಾಗಿದೆ. ಇದೇ ಅವಧಿಯಲ್ಲಿ, ೧೯೨೦ರಲ್ಲಿ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು ಬಾಲಮಂದಿರವನ್ನು ಆರಂಭಿಸಿ ಕಥೆ ಮತ್ತು ಆಟಗಳನ್ನು ಶಿಕ್ಷಣದ ನಡುವೆ ತಂದರು. ರವೀಂದ್ರನಾಥ ಠಾಕೂರರ ಶಾಂತಿನಿಕೇತನದ ಶಾಲೆ ೧೯೦೧ರಿಂದಲೇ ನಡೆಯುತ್ತಿತ್ತು. ಠಾಕೂರರೂ ಗಿಜುಭಾಯಿಯವರೂ ಪ್ರತ್ಯೇಕ ಶಾಲೆಗಳನ್ನು ಕಟ್ಟಿ ಪ್ರಯೋಗ ನಡೆಸಿದರು. ಪಂಜೆಯವರು ಬೇರೆ ಶಾಲೆಯನ್ನು ಕಟ್ಟದೆ, ಇದ್ದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಒಳಗೆ ಹೋಗುವ ಪುಸ್ತಕವನ್ನು ಬದಲಿಸಿದರು. ಸಾಮಾನ್ಯ ಶಾಲೆಯ ಸಾಮಾನ್ಯ ಮಗುವನ್ನು ತಲಪಲು ಇದು ಹೆಚ್ಚು ನೇರವಾದ ಮಾರ್ಗವಾಗಿತ್ತು.

೭

ಪಂಜೆಯವರನ್ನು ಮಕ್ಕಳ ಕವಿ ಎಂದಷ್ಟೇ ಕಾಣುವವರು ಅವರ ಶಾಸ್ತ್ರಪಾಂಡಿತ್ಯವನ್ನು ಮರೆಯುತ್ತಾರೆ. ಕೇಶಿರಾಜನ ಶಬ್ದಮಣಿದರ್ಪಣವನ್ನು ಕಿಟ್ಟೆಲ್ ಅವರು ಸಂಪಾದಿಸಿದ್ದರಷ್ಟೆ. ಆ ಆವೃತ್ತಿಯನ್ನು ಪರಿಷ್ಕರಿಸಿ ೧೯೨೦ರಲ್ಲಿ ಹೊರತರುವ ಹೊಣೆಯನ್ನು ಹೊತ್ತವರು ಪಂಜೆಯವರು. ಅವರೇ ಶಾಲೆಯ ಮಕ್ಕಳಿಗಾಗಿ ಕನ್ನಡ ಮೂಲವ್ಯಾಕರಣವನ್ನೂ ಬರೆದರು. ಹಳಗನ್ನಡ ವ್ಯಾಕರಣದ ಸೂತ್ರ, ವೃತ್ತಿ, ಪ್ರಯೋಗಗಳನ್ನು ಅಕ್ಷರಶಃ ಬಲ್ಲ ವಿದ್ವಾಂಸರು ಅದನ್ನೆಲ್ಲ ಬದಿಗಿರಿಸಿ ಎಳೆಯರಿಗೆ ಬೇಕಾದಷ್ಟನ್ನು ಮಾತ್ರ ಹೇಳಲು ಕುಳಿತರು ಎಂಬುದು ಇಲ್ಲಿ ಮುಖ್ಯ. ಏನನ್ನು ಹೇಳಬೇಕು ಎಂಬುದಕ್ಕಿಂತ ಯಾವುದನ್ನು ಈಗ ಹೇಳಬಾರದು ಎಂದು ನಿರ್ಧರಿಸುವುದು ಕಷ್ಟ. ಆ ನಿರ್ಧಾರಕ್ಕೆ ವಿಷಯದ ಪೂರ್ಣ ಹಿಡಿತ ಬೇಕು. ಸರಳವಾಗಿ ಬರೆಯುವವನಿಗೆ ಕಡಿಮೆ ತಿಳಿದಿದ್ದರೆ ಸಾಕು ಎಂಬ ಭ್ರಮೆಗೆ ಪಂಜೆಯವರ ಜೀವನವೇ ಉತ್ತರವಾಗಿದೆ.

ಮಂಗಳೂರಿನ ಉಪಾಧ್ಯಾಯರ ತರಬೇತಿ ಶಾಲೆಯಲ್ಲಿ ಅವರು ಮುಖ್ಯಸ್ಥರಾಗಿ ಕೆಲಸ ಮಾಡಿದರು. ಪುಸ್ತಕವನ್ನು ಬರೆದವರೇ ಅದನ್ನು ಕಲಿಸಲಿರುವವರನ್ನು ತಯಾರು ಮಾಡುವ ಸ್ಥಾನದಲ್ಲಿಯೂ ಇದ್ದುದು ಅಪರೂಪದ ಯೋಗ. ಏಕೆಂದರೆ ಪಂಜೆಯವರ ಪದ್ಯಗಳು ಉಪಾಧ್ಯಾಯನ ದನಿಯನ್ನು ಬೇಡುತ್ತವೆ. ತೆಂಕಣ ಗಾಳಿಯನ್ನು ಏರಿಳಿತವಿಲ್ಲದೆ ಓದಿದರೆ ಅಲ್ಲಿ ಗಾಳಿಯೇ ಇರುವುದಿಲ್ಲ. ಪಠ್ಯ, ಉಪಾಧ್ಯಾಯ, ಮಗು ಈ ಮೂವರಲ್ಲಿ ಯಾರೊಬ್ಬರು ಹಿಂದುಳಿದರೂ ಆಸಕ್ತಿಯ ಸರಪಣಿ ಕಡಿಯುತ್ತದೆ. ಅವರ ವೃತ್ತಿಜೀವನದಲ್ಲಿ ಪಠ್ಯರಚನೆ, ಶಿಕ್ಷಕರ ತರಬೇತಿ, ಶಾಲಾ ತನಿಖೆ ಈ ಮೂರೂ ಕೂಡಿಬಂದುದರಿಂದ ಸರಪಣಿಯ ಎಲ್ಲ ಕೊಂಡಿಗಳೂ ಅವರ ಕೈಗೆ ಎಟುಕಿದವು.

೮

೧೯೨೦ರ ದಶಕದಲ್ಲಿ ಪಂಜೆಯವರ ಕಾರ್ಯಕ್ಷೇತ್ರ ಕೊಡಗಿಗೆ ವಿಸ್ತರಿಸಿತು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಅವರು ಅಲ್ಲಿ ನೆಲಸಿದರು. ಆಗ ಕೊಡಗು ಬ್ರಿಟಿಷ್ ಆಡಳಿತದ ಪ್ರತ್ಯೇಕ ಪ್ರಾಂತವಾಗಿತ್ತು. ಇಲ್ಲಿಯೂ ಕರಾವಳಿಯಲ್ಲಿ ಕಂಡ ಸ್ಥಿತಿಯೇ. ಕೊಡವ ಭಾಷೆಯನ್ನು ಮನೆಯಲ್ಲಿ ಆಡುವ ಮಕ್ಕಳು ಶಾಲೆಯಲ್ಲಿ ಕನ್ನಡವನ್ನು ಓದುತ್ತಿದ್ದರು. ಕರಾವಳಿಯಲ್ಲಿ ಮಾಡಿದುದನ್ನೇ ಪಂಜೆಯವರು ಇಲ್ಲಿಯೂ ಮಾಡಿದರು. ಸುಗ್ಗಿಯ ಹಬ್ಬವಾದ ಹುತ್ತರಿಯನ್ನು ವಸ್ತುವಾಗಿಸಿಕೊಂಡು ಕೊಡಗಿನ ಬೆಟ್ಟ, ಕಾವೇರಿ, ವೀರಪರಂಪರೆಗಳನ್ನು ಕೊಂಡಾಡುವ ಹುತ್ತರಿ ಹಾಡನ್ನು ರಚಿಸಿದರು. ಹೊರಗಿನಿಂದ ಬಂದ ಉಪಾಧ್ಯಾಯರೊಬ್ಬರು ಕನ್ನಡದಲ್ಲಿ ಬರೆದ ಆ ಹಾಡನ್ನು ಕೊಡಗಿನ ಜನ ತಮ್ಮ ನಾಡಗೀತೆಯೆಂಬಂತೆ ಸ್ವೀಕರಿಸಿದರು. ಹಾಡಿನ ಸಾಹಿತ್ಯಗುಣದ ಜೊತೆಗೆ ಶಿಕ್ಷಣದ ಒಂದು ತತ್ತ್ವವೂ ಈ ಸ್ವೀಕಾರದಿಂದ ದೃಢಪಡುತ್ತದೆ. ಕಲಿಯುವವನ ನಾಡು, ಹಬ್ಬ, ಹೆಮ್ಮೆಗಳನ್ನು ಮೊದಲು ತಾನು ಕಲಿತುಕೊಂಡ ಉಪಾಧ್ಯಾಯ ತನ್ನ ಭಾಷೆಯನ್ನು ಅವನಿಗೆ ಕಲಿಸುವ ಹಕ್ಕನ್ನು ಪಡೆಯುತ್ತಾನೆ.

ನಿವೃತ್ತಿಯ ನಂತರವೂ ಅವರ ಸಾಹಿತ್ಯ ಸೇವೆ ಮುಂದುವರಿಯಿತು. ೧೯೩೪ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಅವರು ಆಯ್ಕೆಯಾದರು. ರಾಯಚೂರು ಆಗ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿತ್ತು. ಶಾಲೆಯ ಪುಸ್ತಕಗಳಿಂದ ಪ್ರಸಿದ್ಧರಾದ ಉಪಾಧ್ಯಾಯರೊಬ್ಬರನ್ನು ಕನ್ನಡಿಗರು ಈ ಪೀಠದಲ್ಲಿ ಕೂರಿಸಿದುದು ಅರ್ಥಪೂರ್ಣವಾದ ಘಟನೆ. ೧೯೩೭ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಅವರು ತೀರಿಕೊಂಡರು. ಬೇರೆಬೇರೆ ಪುಸ್ತಕ, ಪತ್ರಿಕೆಗಳಲ್ಲಿ ಹರಡಿಹೋಗಿದ್ದ ಅವರ ಬರಹಗಳು ೧೯೭೦ರ ದಶಕದಲ್ಲಿ ಸಂಪುಟಗಳಾಗಿ ಒಟ್ಟುಗೂಡಿದವು. ಆದರೆ ಅದಕ್ಕೂ ಮೊದಲು, ಮತ್ತು ಅದರ ಹಂಗಿಲ್ಲದೆಯೇ, ಅವರ ಪದ್ಯಗಳು ಶಾಲೆಯ ಮಕ್ಕಳ ನಾಲಗೆಯ ಮೇಲೆ ತಲೆಮಾರುಗಳನ್ನು ದಾಟಿದ್ದವು.

೯

೧೯೮೦ರ ದಶಕದಲ್ಲಿ ಅಮೆರಿಕದ ಶಿಕ್ಷಣತಜ್ಞ ಜಾನ್ ಕೆಲ್ಲರ್ ಅವರು ಕಲಿಯುವವರ ಪ್ರೇರಣೆಯನ್ನು ಗಮನದಲ್ಲಿಟ್ಟು ಪಾಠವನ್ನು ವಿನ್ಯಾಸಗೊಳಿಸುವ ಮಾದರಿಯೊಂದನ್ನು ರೂಪಿಸಿದರು. ಗಮನ, ಪ್ರಸ್ತುತತೆ, ಆತ್ಮವಿಶ್ವಾಸ, ತೃಪ್ತಿ ಎಂಬುವು ಅದರ ನಾಲ್ಕು ಅಂಗಗಳು. ಪಂಜೆಯವರ ರಚನೆಗಳನ್ನು ಈ ಚೌಕಟ್ಟಿನಲ್ಲಿ ಇಟ್ಟು ನೋಡಲು ಸಾಧ್ಯ. ಲಯ ಮತ್ತು ಅನುಕರಣ ಶಬ್ದಗಳು ಗಮನವನ್ನು ಸೆಳೆಯುತ್ತವೆ. ಪರಿಚಿತ ವಸ್ತುಗಳು ಪ್ರಸ್ತುತತೆಯನ್ನು ಒದಗಿಸುತ್ತವೆ. ಸರಪಣಿ ಕಥೆಯ ಪುನರುಕ್ತಿ ಆತ್ಮವಿಶ್ವಾಸವನ್ನು ಬೆ­ಳೆಸುತ್ತದೆ. ಹಾಡಿ, ಅಭಿನಯಿಸಿ ಮುಗಿಸಿದಾಗ ತೃಪ್ತಿ ಉಂಟಾಗುತ್ತದೆ. ಆದರೆ ಈ ಹೋಲಿಕೆಯಿಂದ ಪಂಜೆಯವರಿಗೆ ಹೊಸ ಗೌರವವನ್ನು ಸಂಪಾದಿಸಿಕೊಡುವ ಅಗತ್ಯವಿಲ್ಲ. ನಾಲ್ಕು ಅಂಗಗಳೂ ಅವರಲ್ಲಿ ಬೇರೆಬೇರೆಯಾಗಿ ನಿಲ್ಲದೆ ಒಂದೇ ಪದ್ಯದ ಉಸಿರಿನಲ್ಲಿ ಸೇರಿವೆ ಎಂಬುದನ್ನು ಗಮನಿಸಿದರೆ ಸಾಕು.

ಈ ಮಾರ್ಗಕ್ಕೆ ಮಿತಿಗಳೂ ಇವೆ. ಪಂಜೆಯವರು ಕಟ್ಟಿದ್ದು ಮುಖ್ಯವಾಗಿ ಭಾಷಾಪಾಠವನ್ನು. ಗಣಿತ, ವಿಜ್ಞಾನಗಳ ಕಲಿಕೆಗೆ ಇದೇ ವಿಧಾನ ಹೇಗೆ ಅನ್ವಯಿಸುತ್ತದೆ ಎಂಬುದು ಬೇರೆಯ ಪ್ರಶ್ನೆ. ಹಾಡಬಲ್ಲ ಉಪಾಧ್ಯಾಯ ಇಲ್ಲದ ತರಗತಿಯಲ್ಲಿ ಅವರ ಪದ್ಯ ಅರ್ಧಮಾತ್ರ ಬದುಕುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪಠ್ಯ ಬದಲಾದರೂ ಪರೀಕ್ಷೆ ಬದಲಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅವರ ಪದ್ಯಗಳ ಮುಂದಿನ ಗತಿಯೇ ನಿದರ್ಶನ. ಹಾಡಲೆಂದು ಬರೆದ ಪದ್ಯದ ಕೆಳಗೆ ಪದಗಳ ಅರ್ಥ, ಸಂದರ್ಭ ಸಹಿತ ವಿವರಣೆ, ಬಿಟ್ಟ ಸ್ಥಳ ತುಂಬುವ ಅಭ್ಯಾಸಗಳು ಸೇರಿಕೊಂಡಾಗ, ನಾಗರಹಾವಿನೊಡನೆ ಮಾತಾಡುತ್ತಿದ್ದ ಮಗು ಮತ್ತೆ ಅಂಕಕ್ಕಾಗಿ ಉತ್ತರ ಒಪ್ಪಿಸುವ ಮಗುವಾಗುತ್ತದೆ. ಫಲಿತಾಂಶದ ಅನುದಾನ ಎಂದೋ ಹೋಯಿತು. ಅದರ ಮನೋಧರ್ಮ ಹೋಗಿಲ್ಲ.

ಆದರೂ ಪಂಜೆಯವರ ತಿಳುವಳಿಕೆ ಬೇರೆ ರೂಪಗಳಲ್ಲಿ ಕರ್ನಾಟಕದಲ್ಲಿ ಮರುಹುಟ್ಟು ಪಡೆದಿದೆ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪ್ರಯೋಗ ಹಾಡು, ಕಥೆ, ಆಟಗಳನ್ನು ಕಲಿಕೆಯ ಮೆಟ್ಟಿಲುಗಳೊಂದಿಗೆ ಜೋಡಿಸಿತು. ಮುಂದೆ ಅದು ರಾಜ್ಯದ ಸರಕಾರಿ ಪ್ರಾಥಮಿಕ ಶಾಲೆಗಳಿಗೆ ವಿಸ್ತರಿಸಿತು. ಪಂಜೆಯವರು ಎದುರಿಸಿದ ಬಹುಭಾಷಿಕ ತರಗತಿಯ ಪ್ರಶ್ನೆಯೂ ಇಂದು ಕರಾವಳಿ, ಕೊಡಗುಗಳಿಗೆ ಸೀಮಿತವಾಗಿ ಉಳಿದಿಲ್ಲ. ಮೈಸೂರಿನ ಅಂಚಿನ ಹಳ್ಳಿಯಾಗಿದ್ದು ಈಗ ಕೈಗಾರಿಕಾ ಬಡಾವಣೆಯಾಗಿರುವ ಮೇಟಗಳ್ಳಿಯಂತಹ ಕಡೆಗಳಲ್ಲಿ ದುಡಿಮೆಯನ್ನು ಅರಸಿ ಬಂದ ಕುಟುಂಬಗಳ ಮಕ್ಕಳು ಸ್ಥಳೀಯ ಮಕ್ಕಳೊಡನೆ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಅವರ ಮನೆಗಳಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಮಾತುಗಳಿರಬಹುದು. ಇಂತಹ ಮಗುವಿಗೆ ಕನ್ನಡವನ್ನು ಕಡ್ಡಾಯದ ವಿಷಯವಾಗಿ ಮಾತ್ರ ಒಡ್ಡಿದರೆ ಅದು ಅಂಕಪಟ್ಟಿಯಲ್ಲಿ ಉಳಿಯುತ್ತದೆ. ಮೊದಲು ಕಿವಿಗೆ ಹಿತವಾಗಿ, ಬಾಯಿಗೆ ಆಟವಾಗಿ, ತನ್ನ ಸುತ್ತಲಿನ ಲೋಕದ ಹೆಸರಾಗಿ ಒದಗಿಸಿದರೆ ಅದು ಆ ಮಗುವಿನ ಭಾಷೆಯೂ ಆಗುತ್ತದೆ.

ಕೊಂಕಣಿಯ ಮನೆಯಲ್ಲಿ ಹುಟ್ಟಿ, ತುಳುವಿನ ಊರಿನಲ್ಲಿ ಬೆಳೆದು, ತುಳುನಾಡಿನ ಮತ್ತು ಕೊಡಗಿನ ಮಕ್ಕಳಿಗೆ ಕನ್ನಡವನ್ನು ಅವರದೇ ಮಾತೆನ್ನಿಸುವಂತೆ ಕಲಿಸಿದ ಪಂಜೆ ಮಂಗೇಶರಾಯರ ಜೀವನ ಈ ಸಾಧ್ಯತೆಗೆ ಸಾಕ್ಷಿ. ಅವರ ಪದ್ಯಪುಸ್ತಕಗಳನ್ನು ಸಾಹಿತ್ಯ ಚರಿತ್ರೆಯ ಆಕರಗಳಾಗಿ ನೋಡಿದಂತೆಯೇ ಶಿಕ್ಷಣ ವಿನ್ಯಾಸದ ಆಕರಗಳಾಗಿಯೂ ಪಾಠ ಪಾಠವಾಗಿ ಅಭ್ಯಸಿಸುವ ಕಾರ್ಯ ಕನ್ನಡ ಸಂಶೋಧನೆಯ ಮುಂದಿದೆ.